ಮಾತಿಲ್ಲದ ವಿಚಾರಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ಐತಿಹಾಸಿಕ ಚಿತ್ರವೆಂದರೆ ನಮ್ಮ ಕಣ್ಣು ಮೊದಲು ಹುಡುಕುವುದು ಕೋಟೆ, ಕುದುರೆ, ಸೇನೆಗಳನ್ನು. 1928ರ ಮೂಕಿ ಚಿತ್ರ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ ನೋಡಲು ಕುಳಿತಾಗ ನಾನೂ ಅವುಗಳಿಗಾಗಿಯೇ ಕಾದೆ. ಇಂಗ್ಲಿಷರ ವಿರುದ್ಧ ಫ್ರಾನ್ಸಿನ ಸೇನೆಯ ಮುಂದೆ ನಿಂತು ಹೋರಾಡಿದ ಹುಡುಗಿ ಜೋನ್‌ಳ ಕಥೆಯಲ್ಲವೇ? ಆದರೆ ತೆರೆಯ ತುಂಬ ಬಂದದ್ದು ಮುಖಗಳು. ಸುಕ್ಕುಗಟ್ಟಿದ ಕೆನ್ನೆ, ಬೆವರಿದ ಹಣೆ, ಒಣಗಿದ ತುಟಿ. ನಿರ್ದೇಶಕ ಕಾರ್ಲ್ ಡ್ರೆಯರ್ ನಟರ ಮುಖಕ್ಕೆ ಬಣ್ಣ ಹಚ್ಚಲು ಬಿಟ್ಟಿರಲಿಲ್ಲ.

ಹಾಗೆಂದು ಕೋಟೆ ಇರಲಿಲ್ಲವೆಂದಲ್ಲ. ಈ ಚಿತ್ರಕ್ಕಾಗಿಯೇ ಕಾಂಕ್ರೀಟಿನ ಗೋಡೆಗಳನ್ನು ಎಬ್ಬಿಸಿ, ಕಪ್ಪು ಬಿಳುಪಿನಲ್ಲಿ ಬೂದಿಯ ಛಾಯೆ ಬರಲೆಂದು ಅವುಗಳಿಗೆ ನಸುಗೆಂಪು ಬಳಿದಿದ್ದರು. ಅಷ್ಟು ದೊಡ್ಡ ಕಟ್ಟಡ ತೆರೆಯ ಮೇಲೆ ಅಲ್ಲೊಂದು ಕಮಾನು, ಇಲ್ಲೊಂದು ಕಿಟಕಿಯಾಗಿ ಕಂಡು ಮರೆಯಾಗುತ್ತದೆ. ಇದರಿಂದ ನಿರಾಶರಾಗುವ ಪ್ರೇಕ್ಷಕರು ಇದ್ದಾರೆ. ನನಗಂತೂ ಚಿತ್ರದ ಶಕ್ತಿ ಇರುವುದೇ ಇಲ್ಲಿ ಎನಿಸುತ್ತದೆ. ಕೋಟೆ ಕಣ್ತುಂಬ ಕಂಡಿದ್ದರೆ ಇದೆಲ್ಲ ಎಂದೋ ನಡೆದದ್ದು ಎಂದು ನಾವು ನಿರಾಳವಾಗಿ ಕೂರಬಹುದಿತ್ತು. ಅಳುವ ಮುಖ ಅಷ್ಟು ಹತ್ತಿರ ಬಂದಾಗ ಆ ನೆಮ್ಮದಿ ಸಿಗುವುದಿಲ್ಲ.

ಧರ್ಮದ್ರೋಹದ ಆರೋಪ ಹೊರಿಸಿ 1431ರಲ್ಲಿ ಫ್ರಾನ್ಸಿನ ರುವಾನ್ ನಗರದಲ್ಲಿ ಜೋನ್‌ಳ ಮೇಲೆ ನಡೆಸಿದ ವಿಚಾರಣೆಯ ದಾಖಲೆ ಇಂದಿಗೂ ಉಳಿದಿದೆ. ಡ್ರೆಯರ್ ಅದನ್ನೇ ಆಧರಿಸಿ, ತಿಂಗಳುಗಟ್ಟಲೆ ನಡೆದ ಪ್ರಶ್ನೋತ್ತರವನ್ನು ಒಂದೇ ದಿನದ ಘಟನೆಯಂತೆ ಬಿಗಿದರು. ನಿನ್ನ ವಯಸ್ಸೆಷ್ಟು ಎಂದು ಕೇಳಿದಾಗ ಜೋನ್ ಬೆರಳು ಮಡಚಿ ಎಣಿಸುತ್ತಾಳೆ. ಹತ್ತೊಂಬತ್ತು. ದೇವರ ಕೃಪೆ ನಿನ್ನ ಮೇಲಿದೆಯೇ ಎಂಬುದು ಇನ್ನೊಂದು ಪ್ರಶ್ನೆ. ಇದೆ ಎಂದರೆ ಅಹಂಕಾರ, ಇಲ್ಲವೆಂದರೆ ತಪ್ಪೊಪ್ಪಿಗೆ. ‘ಇಲ್ಲದಿದ್ದರೆ ದೇವರು ಕರುಣಿಸಲಿ, ಇದ್ದರೆ ಉಳಿಸಲಿ’ ಎನ್ನುತ್ತಾಳೆ ಆ ಹಳ್ಳಿಯ ಹುಡುಗಿ. ಪ್ರಶ್ನೆ ಕೇಳುವ ಧರ್ಮಪಂಡಿತರ ಮುಖಗಳು ಒಂದೊಂದಾಗಿ ಬದಲಾಗುವುದನ್ನು ಕ್ಯಾಮೆರಾ ಬಿಡದೆ ಹಿಡಿಯುತ್ತದೆ. ಆಡಿದ ಮಾತೆಲ್ಲ ಅಕ್ಷರವಾಗಿ ತೆರೆಗೆ ಬರುವುದಿಲ್ಲ. ಉಳಿದದ್ದಕ್ಕೆ ನಾವು ತುಟಿಗಳನ್ನೇ ನೋಡಬೇಕು. ಜೋನ್ ಆಗಿ ನಟಿಸಿದವರು ರಂಗಭೂಮಿಯ ಕಲಾವಿದೆ ಫಾಲ್ಕೊನೆಟ್ಟಿ. ಅವರ ತಲೆಗೂದಲನ್ನು ನಿಜವಾಗಿಯೇ ಕತ್ತರಿಸಿದರು.

ಬಿಡುಗಡೆಯ ಕಾಲದಲ್ಲಿ ಚಿತ್ರಕ್ಕೆ ಸುಖದ ಸ್ವಾಗತ ಸಿಗಲಿಲ್ಲ. ಫ್ರಾನ್ಸಿನ ಸಂತಳ ಕಥೆಯನ್ನು ಡೆನ್ಮಾರ್ಕಿನವರೊಬ್ಬರು ಹೇಳುವುದೇ ಅಲ್ಲಿನ ಹಲವರಿಗೆ ಹಿಡಿಸಲಿಲ್ಲ. ಧರ್ಮಾಧಿಕಾರಿಗಳ ಒತ್ತಾಯದಿಂದ ದೃಶ್ಯಗಳಿಗೆ ಕತ್ತರಿ ಬಿತ್ತು. ಇಂಗ್ಲಿಷ್ ಸೈನಿಕರನ್ನು ತೋರಿಸಿದ ರೀತಿಗಾಗಿ ಬ್ರಿಟನ್ನಿನಲ್ಲಿ ನಿಷೇಧವಾಯಿತು. ಅದೇ ವರ್ಷ ಬರ್ಲಿನ್ನಿನ ಬೆಂಕಿಯಲ್ಲಿ ಮೂಲ ನೆಗೆಟಿವ್ ಸುಟ್ಟುಹೋಯಿತು. ದಶಕಗಳ ಕಾಲ ಜನ ನೋಡಿದ್ದು ಹರಕುಮುರುಕು ಪ್ರತಿಗಳನ್ನು. ಕಡೆಗೆ 1981ರಲ್ಲಿ, ನಾರ್ವೆಯ ಒಂದು ಮಾನಸಿಕ ಆಸ್ಪತ್ರೆಯ ಕಪಾಟಿನಲ್ಲಿ ಮೊದಲ ಆವೃತ್ತಿಯ ಪ್ರತಿ ಸಿಕ್ಕಿತು. ಈಗ ನಾವು ನೋಡುವುದು ಅದರ ಕೃಪೆಯಿಂದ.

ಹಿನ್ನೆಲೆ ಸಂಗೀತದ ಪ್ರಶ್ನೆ ಇಂದಿಗೂ ಮುಗಿದಿಲ್ಲ. 1950ರ ದಶಕದಲ್ಲಿ ಹಳೆಯ ಶಾಸ್ತ್ರೀಯ ಕೃತಿಗಳನ್ನು ಜೋಡಿಸಿದ ಆವೃತ್ತಿಯೊಂದು ಬಂದಾಗ ಡ್ರೆಯರ್ ಅದನ್ನು ಒಪ್ಪಲಿಲ್ಲ. ಮತ್ತೊಬ್ಬ ನಿರ್ದೇಶಕ ಗೋದಾರ್ ತಮ್ಮ 1962ರ ಚಿತ್ರದಲ್ಲಿ, ಕತ್ತಲ ಸಭಾಂಗಣದಲ್ಲಿ ಜೋನ್‌ಳನ್ನು ನೋಡುತ್ತ ಅಳುವ ಹೆಣ್ಣೊಬ್ಬಳನ್ನು ತೋರಿಸುತ್ತಾರೆ. ಅಲ್ಲಿ ಯಾವ ವಾದ್ಯದ ದನಿಯೂ ಇಲ್ಲ. ನನ್ನ ಮಾತು ಕೇಳುವುದಾದರೆ, ಮೊದಲ ಸಲ ನೀವೂ ಧ್ವನಿ ನಿಲ್ಲಿಸಿಯೇ ನೋಡಿ. ಹತ್ತು ನಿಮಿಷ ಕಷ್ಟವೆನಿಸುತ್ತದೆ, ಆಮೇಲೆ ನಿಮ್ಮ ಉಸಿರೇ ನಿಮಗೆ ಕೇಳತೊಡಗುತ್ತದೆ.

ಕೊನೆಯಲ್ಲಿ ಒಂದು ಕ್ಷಣವಿದೆ, ಕಣ್ಣು ತಪ್ಪಬಾರದು. ಕಂಬಕ್ಕೆ ಕಟ್ಟುವಾಗ ಹಗ್ಗ ಕೆಳಗೆ ಬೀಳುತ್ತದೆ. ಜೋನ್ ಬಾಗಿ ಅದನ್ನು ಎತ್ತಿ, ತನ್ನನ್ನು ಸುಡಲು ಬಂದವನ ಕೈಗೇ ಕೊಡುತ್ತಾಳೆ.