ಅಂಚೆಪೆಟ್ಟಿಗೆಯ ಮೇಲೊಂದು ಹೆಸರು

ಕೇಳುಗರಿಗೆ ನಮಸ್ಕಾರ.

ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದ ನಮ್ಮವರೊಬ್ಬರಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿತು ಅಂದುಕೊಳ್ಳಿ. ನೆದರ್‌ಲ್ಯಾಂಡ್ಸ್‌ನ ಪರವಾನಗಿ ಇದೆಯಲ್ಲ, ಯುರೋಪೆಲ್ಲ ಒಂದೇ ತಾನೆ ಎಂದು ಹೊರಟುಬಿಡಬೇಡಿ. ಡಚ್ ಪ್ರಜೆಗೆ ಜರ್ಮನಿಯಲ್ಲಿ ನೆಲೆಸಲು ಪರವಾನಗಿ ಬೇಕಿಲ್ಲ, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬೇಕು. ಹೆಚ್ಚಿನ ಅರ್ಹತೆಯ ಹೊರದೇಶದ ಕೆಲಸಗಾರರಿಗೆ ಯುರೋಪಿಯನ್ ಒಕ್ಕೂಟದ ದೇಶಗಳು ಕೊಡುವ ವಾಸ-ಕೆಲಸದ ಪರವಾನಗಿಯಾದ ಯುರೋಪಿಯನ್ ಬ್ಲೂ ಕಾರ್ಡ್ ಇದ್ದರೆ ದಾರಿ ಸ್ವಲ್ಪ ಸುಲಭ: ಮೊದಲ ದೇಶದಲ್ಲಿ 12 ತಿಂಗಳು ಕಳೆದ ಮೇಲೆ ಎರಡನೆಯ ದೇಶಕ್ಕೆ ಹೋಗಿ, ಒಂದು ತಿಂಗಳೊಳಗೆ ಅಲ್ಲಿ ಹೊಸ ಕಾರ್ಡಿಗೆ ಅರ್ಜಿ ಹಾಕಬೇಕು. ಹೊರಡುವ ಮುಂಚಿನ ಐದು ದಿನಗಳಲ್ಲಿ ಡಚ್ ಪುರಸಭೆಗೆ ತಿಳಿಸಿ ಅಲ್ಲಿನ ನಿವಾಸಿಗಳ ಪಟ್ಟಿಯಿಂದ ಹೆಸರು ತೆಗೆಸಿ.

ಜರ್ಮನಿಯಲ್ಲಿ ಮೊದಲ ಕೆಲಸ ವಿಳಾಸ ನೋಂದಣಿ. ಅಲ್ಲಿಯವರು ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಸೇರಿದ ಎರಡು ವಾರದೊಳಗೆ ಆಗಬೇಕೆಂದು ಕಾನೂನಿದೆ. ಬಾಡಿಗೆ ಕರಾರು ಪತ್ರವೊಂದೇ ತೋರಿಸಿದರೆ ಸಾಲದು. 'ಇವರು ಇಂಥ ದಿನ ನನ್ನ ಮನೆಗೆ ಬಂದಿದ್ದಾರೆ' ಎಂದು ಮನೆ ಮಾಲೀಕರು ಸಹಿ ಹಾಕಿದ ಬೇರೊಂದು ಹಾಳೆ ಬೇಕು. ಅದನ್ನು ಕೊಡುವುದು ಮಾಲೀಕರ ಕರ್ತವ್ಯ. ಕೊಡಲು ಮೀನಮೇಷ ಎಣಿಸುವವರಿಗೆ ದಯವಿಟ್ಟು ಮುಂಗಡ ಕಟ್ಟಬೇಡಿ. ಆ ಹಾಳೆಯಿಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಮುಂದಿನ ಯಾವ ಕೆಲಸವೂ ಸಲೀಸಾಗಿ ಸಾಗುವುದಿಲ್ಲ. ದೊಡ್ಡ ಊರುಗಳಲ್ಲಿ ಕಚೇರಿಯ ಸಮಯ ಸಿಗುವುದೇ ಕಷ್ಟ, ಮನೆ ಗೊತ್ತಾದ ಕೂಡಲೇ ಕಾಯ್ದಿರಿಸಿ.

ನೋಂದಣಿ ಫಾರಂನಲ್ಲಿ ಧರ್ಮದ ಪ್ರಶ್ನೆಯೂ ಬರುತ್ತದೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟಂಟ್ ಎಂದು ದಾಖಲಾದವರ ಆದಾಯ ತೆರಿಗೆಯ ಮೇಲೆ ಶೇಕಡ 8 ಅಥವಾ 9ರಷ್ಟು ಚರ್ಚ್ ತೆರಿಗೆ ಸೇರುತ್ತದೆ. ನಮ್ಮ ಕ್ರೈಸ್ತ ಬಂಧುಗಳು ಇದನ್ನು ತಿಳಿದೇ ತುಂಬಲಿ.

ಇನ್ನು ನನ್ನ ಅನುಭವ. ಅಲ್ಲಿಯ ಎಷ್ಟೋ ಕಟ್ಟಡಗಳಲ್ಲಿ ಮನೆಗಳಿಗೆ ನಂಬರೇ ಇರುವುದಿಲ್ಲ. ಕರೆಗಂಟೆಯ ಪಕ್ಕ, ಅಂಚೆಪೆಟ್ಟಿಗೆಯ ಮೇಲೆ ಇರುವ ಹೆಸರು ನೋಡಿಯೇ ಅಂಚೆಯವರು ಕಾಗದ ಹಾಕುತ್ತಾರೆ. ನಮ್ಮ ಪೆಟ್ಟಿಗೆಯ ಮೇಲೆ ಹಿಂದಿನ ಬಾಡಿಗೆದಾರರ ಹೆಸರೇ ಉಳಿದಿತ್ತು. ನೋಂದಣಿಯಾದ ಮೇಲೆ ಸರ್ಕಾರ ಅಂಚೆಯಲ್ಲಿ ಕಳಿಸಿದ, ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಹೊತ್ತ ಪತ್ರ ವಾಪಸು ಹೋಯಿತು. ಆ ಸಂಖ್ಯೆ ಸಂಬಳ ಕೊಡುವವರ ಕೈಗೆ ಸಿಗದಿದ್ದರೆ ತೆರಿಗೆಯನ್ನು ಅತಿ ಹೆಚ್ಚಿನ ದರದಲ್ಲಿ ಹಿಡಿದುಕೊಳ್ಳಬಹುದು. ಆಮೇಲೆ ಮರಳಿ ಬರುತ್ತದೆ ನಿಜ, ಆದರೆ ಹೊಸ ಊರಿನ ಮೊದಲ ತಿಂಗಳಲ್ಲಿ ಆ ದುಡ್ಡೇ ಅಲ್ಲವೇ ಬೇಕಾಗುವುದು?

ನಮ್ಮವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಒಬ್ಬರಿಗೆ ತಂದೆಯ ಹೆಸರು, ಇನ್ನೊಬ್ಬರಿಗೆ ಊರಿನ ಹೆಸರು. ಗಂಡನದೊಂದು, ಹೆಂಡತಿಯದೊಂದು. ಕರೆಯುವ ಹೆಸರನ್ನಷ್ಟೇ ಬರೆದು ಅಂಟಿಸಿದರೆ ಕಾಗದ ತಲುಪದು. ಪಾಸ್‌ಪೋರ್ಟ್ ತೆರೆದಿಟ್ಟುಕೊಂಡು, ಅದರಲ್ಲಿ ಇರುವ ಹಾಗೆಯೇ, ಮನೆಯಲ್ಲಿರುವ ಎಲ್ಲರ ಹೆಸರನ್ನೂ ಬರೆಯಿರಿ. ಸಾಮಾನಿನ ಪೆಟ್ಟಿಗೆಗಳನ್ನು ಬಿಚ್ಚುವ ಮೊದಲೇ ಕೆಳಗಿಳಿದು ಅಂಟಿಸಿ ಬನ್ನಿ.