ದೇಗೆಮದ ಹತ್ತು ಸ್ವರಗಳು

ಕೇಳುಗರಿಗೆ ನಮಸ್ಕಾರ.

ನೈಜೀರಿಯಾದ ದಕ್ಷಿಣದಲ್ಲಿ, ನೈಜರ್ ನದಿ ಕವಲು ಕವಲಾಗಿ ಕಡಲು ಸೇರುವ ಜಾಗದಲ್ಲಿ, ಉಸೋಕುನ್ ಮತ್ತು ಅತಾಲ ಎಂಬ ಎರಡು ಜನವಸತಿಗಳಿವೆ. ಅಲ್ಲಿನವರ ಮಾತಿಗೆ ದೇಗೆಮ ಎಂದು ಹೆಸರು. ಅದನ್ನು ಆಡುವವರೆಲ್ಲ ಸೇರಿದರೂ ನಮ್ಮ ಒಂದು ಸಾಧಾರಣ ತಾಲ್ಲೂಕು ತುಂಬುವುದಿಲ್ಲ.

ನೆರೆಯ ಕಲಬಾರಿ ಭಾಷೆ ಇಜೋ ಬಳಗದ್ದು, ದೇಗೆಮಕ್ಕೆ ಅದು ನೆಂಟನಲ್ಲ. ನಿಜವಾದ ನೆಂಟಸ್ತಿಕೆ ಇರುವುದು ವಾಯವ್ಯಕ್ಕೆ ಸುಮಾರು 200 ಕಿಲೋಮೀಟರ್ ಆಚೆಯ ಬೆನಿನ್ ನಗರದ ಎಡೋ ಭಾಷೆಯೊಡನೆ. ಇಡೀ ಬಳಗವನ್ನು ಎಡಾಯಿಡ್ ಎನ್ನುತ್ತಾರೆ. 1963ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಗ್ರೀನ್‌ಬರ್ಗ್ ಇದನ್ನು ಪಶ್ಚಿಮ ಆಫ್ರಿಕಾದ ಭಾಷೆಗಳ ಕ್ವಾ ಗುಂಪಿಗೆ ಸೇರಿಸಿದ್ದರು. ಈಗ ಬೆನ್ವೆ-ಕಾಂಗೋ ಎಂಬ ದೊಡ್ಡ ಭಾಷಾಗುಂಪಿನಲ್ಲಿಡುವುದು ರೂಢಿ. ನೈಜೀರಿಯಾದ ಭಾಷಾವಿಜ್ಞಾನಿ ಬೆನ್ ಎಲುಗ್ಬೆ ಅವರು ಎಡಾಯಿಡ್ ಬಳಗವನ್ನು ನಾಲ್ಕು ಕವಲಾಗಿ ಒಡೆದರು. ದೇಗೆಮ, ಎಂಗೆನ್ನಿ, ಎಪಿಯೆ ಈ ಮೂರೂ ಡೆಲ್ಟಾ ಕವಲಿನವು.

ನನ್ನನ್ನು ಹಿಡಿದು ನಿಲ್ಲಿಸುವುದು ಸ್ವರಗಳು. ಈ ಭಾಷೆಗಳಿಗೆಲ್ಲ ತಾಯಿಯಾದ ಮೂಲ ಎಡಾಯಿಡ್‌ಗೆ ಹತ್ತು ಸ್ವರಗಳಿದ್ದವೆಂದು ಊಹಿಸಲಾಗಿದೆ. ಹೆಸರು ಮಾಡಿದ ಎಡೋದಲ್ಲಿ ನಾಸಿಕ್ಯ ಸ್ವರಗಳನ್ನು ಬಿಟ್ಟರೆ ಈಗ ಉಳಿದಿರುವುದು ಏಳು. ಪುಟ್ಟ ದೇಗೆಮವೋ ಹತ್ತನ್ನೂ ಜೋಪಾನವಾಗಿ ಇಟ್ಟುಕೊಂಡಿದೆ. ಅವು ಐದೈದರ ಎರಡು ಪಂಗಡ. ನಾಲಿಗೆಯ ಬುಡ ಮುಂದಕ್ಕೆ ಬಂದು ಗಂಟಲು ಅಗಲವಾದರೆ ಒಂದು ಪಂಗಡ, ಬುಡ ಹಿಂದೆ ಸರಿದರೆ ಇನ್ನೊಂದು. ಒಂದು ಸಾಧಾರಣ ಪದದೊಳಗೆ ಎರಡೂ ಪಂಗಡ ಕಲೆಯುವುದಿಲ್ಲ.

'ಸಿರೆ' ಎಂದರೆ ಓಡು, ಅದರ ಸ್ವರಗಳು ಮೊದಲ ಪಂಗಡದವು. 'ಕೊಟು' ಎಂದರೆ ಕರೆ, ಅದರವು ಎರಡನೆಯ ಪಂಗಡದವು. 'ಅವನು' ಅಥವಾ 'ಅವಳು' ಎಂಬುದನ್ನು ಸೂಚಿಸುವ 'ಒ' ಕ್ರಿಯಾಪದದ ಮೊದಲಿಗೆ ಅಂಟಿಕೊಳ್ಳುತ್ತದೆ. 'ಸಿರೆ'ಯ ಮೊದಲಿಗೆ ಅದು ಬಿಗಿಯಾದ ಒ, 'ಕೊಟು'ವಿನ ಮೊದಲಿಗೆ ತೆರೆದ ಒ. ಬರವಣಿಗೆಯಲ್ಲಿ ಎರಡನೆಯದರ ಕೆಳಗೆ ಚುಕ್ಕೆ ಇಡುತ್ತಾರೆ. ಬಾನುಲಿಯಲ್ಲಿ ಚುಕ್ಕೆ ತೋರಿಸಲಾಗದು, ಏನು ಮಾಡೋಣ! 'ಕೊಡು', 'ಕೊಳ' ಎಂದು ಹೇಳಿ ನೋಡಿ. 'ಕೊಳ'ದ ಒಕಾರದಲ್ಲಿ ಬಾಯಿ ತುಸು ಹೆಚ್ಚು ತೆರೆಯುತ್ತದೆ. ನಮಗೆ ಅದು ಲೆಕ್ಕಕ್ಕಿಲ್ಲ, ದೇಗೆಮದವರಿಗೆ ಅಂಥ ವ್ಯತ್ಯಾಸವೇ ವ್ಯಾಕರಣ.

ವ್ಯಂಜನಗಳಲ್ಲಿ ಸಾಮಾನ್ಯ ಬಕಾರ, ದಕಾರಗಳ ಜೊತೆಗೆ ಗಾಳಿಯನ್ನು ಒಳಕ್ಕೆ ಸೆಳೆದು ಉಚ್ಚರಿಸುವ ಜೋಡಿಯೂ ಇದೆ. ಸಿಂಧಿ ಆಡುವವರು ಅಂಥವನ್ನು ಕೇಳಿದೊಡನೆ ಗುರುತಿಸಿಯಾರು. ಇನ್ನು ಸ್ಥಾಯಿ, ಅಂದರೆ ನುಡಿಯುವಾಗಿನ ದನಿಯ ಎತ್ತರ: ಏರು, ಇಳಿ ಎಂದು ಎರಡೇ. ಆದರೆ ವಾಕ್ಯ ಸಾಗಿದಂತೆ ಏರುಸ್ಥಾಯಿ ಕೆಲವೆಡೆ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಮುಂದಿನ ಏರುಗಳು ಆ ಹೊಸ ಮಟ್ಟವನ್ನು ದಾಟುವುದಿಲ್ಲ.