ಮರಳಿಗೆಂದು ಇಳಿಸಿದ ಗಾಳಿ

ಕೇಳುಗರಿಗೆ ನಮಸ್ಕಾರ.

ಗಾಳಿ ಕಡಿಮೆಯಾದ ಚಕ್ರದ ಮೇಲೆ ಸವಾರಿ ಮಾಡಬಾರದು ಎಂಬುದು ಸೈಕಲ್ ಕಲಿಯುವ ಮಗುವಿಗೂ ಗೊತ್ತು. ರಿಮ್ಮು ನೆಲಕ್ಕೆ ಬಡಿದು ಟಕ್ಕೆಂದ ಸದ್ದು ಮನೆಯೊಳಗೆ ಕೇಳಿಸಿದರೆ ಅಪ್ಪನ ಬೈಗುಳ ತಪ್ಪುತ್ತಿರಲಿಲ್ಲ. ಆದರೆ ನಾನು ಈಗ ಇರುವ ಕಡೆ, ರಜೆಯ ದಿನ ಬೆಳಗಾದರೆ ಸಾಕು, ತಿಳಿದವರೇ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ, ಕುಕ್ಕರಗಾಲಲ್ಲಿ ಕುಳಿತು, ಒಳ್ಳೆಯ ಟೈರುಗಳ ಗಾಳಿಯನ್ನು ತಾವೇ ಸುಯ್ಯೆಂದು ಬಿಡುತ್ತಿರುತ್ತಾರೆ.

ನಾನು ಉಡುಪಿ ಜಿಲ್ಲೆಯವಳು. 14 ವರ್ಷಗಳಿಂದ ಶಾರ್ಜಾದಲ್ಲಿದ್ದೇನೆ. ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ, ರಜೆಯಲ್ಲಿ ಮರಳುಗಾಡಿನ ಹುಚ್ಚು. ನಿಮ್ಮಲ್ಲಿ ಹಲವರ ಮಕ್ಕಳೋ ಅಳಿಯಂದಿರೋ ಈ ಕಡೆ ಇರಬಹುದು. ದಿಬ್ಬದ ತುದಿಯಲ್ಲಿ ಗಾಡಿ ನಿಲ್ಲಿಸಿ ತೆಗೆದ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಆ ಫೋಟೊದಲ್ಲಿ ಟೈರನ್ನು ಸರಿಯಾಗಿ ನೋಡಿ. ಬುಡದಲ್ಲಿ ಹೊಟ್ಟೆ ಬಿಟ್ಟುಕೊಂಡಂತೆ ಉಬ್ಬಿರುತ್ತದೆ. ಮರಳಿನ ಮೇಲೆ ಅದು ಹಾಗೇ ಇರಬೇಕು. ಫೋಟೊ ತೆಗೆದಾದ ಮೇಲೆ ಅದೇ ಟೈರಿನಲ್ಲಿ ಟಾರು ರಸ್ತೆ ಹತ್ತಿದರೆ ಏನಾಗುತ್ತದೆ ಎಂಬುದನ್ನು ನಾನು ಕೈಯಾರೆ ಮಾಡಿ ಕಲಿತಿದ್ದೇನೆ.

ಮೊದಲಿಗೆ, ಗಾಳಿ ಇಳಿಸುವುದು ಯಾಕೆ? ಮಲ್ಪೆಯ ಕಡಲ ದಂಡೆಯಲ್ಲಿ ಒಣ ಮರಳಿನ ಮೇಲೆ ನಡೆದವರಿಗೆ ವಿವರಿಸಬೇಕಾಗಿಲ್ಲ. ಹಿಮ್ಮಡಿ ಊರಿದರೆ ಹೂತುಹೋಗುತ್ತದೆ, ಇಡೀ ಪಾದ ಚಪ್ಪಟೆಯಾಗಿ ಊರಿದರೆ ಮರಳು ನಮ್ಮನ್ನು ಹೊರುತ್ತದೆ. ಜನ, ಸಾಮಾನು ಸೇರಿ 2400 ಕಿಲೋ ತೂಗುವ ಗಾಡಿಯಲ್ಲಿ ಒಂದೊಂದು ಚಕ್ರಕ್ಕೆ 600 ಕಿಲೋ ಬೀಳುತ್ತದೆ ಎಂದುಕೊಳ್ಳಿ. ಪೆಟ್ರೋಲ್ ಬಂಕಿನಲ್ಲಿ ‘ಮೂವತ್ತೈದು ಹಾಕಿ’ ಎನ್ನುತ್ತೇವಲ್ಲ, ಪಿಎಸ್‌ಐ ಎಂಬ ಒತ್ತಡದ ಅಳತೆಯಲ್ಲಿ ಆ 35ರಷ್ಟು ಗಾಳಿಯಿದ್ದಾಗ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 240 ಚದರ ಸೆಂಟಿಮೀಟರ್. 15ಕ್ಕೆ ಇಳಿಸಿದರೆ ಅದು 570ರ ಹತ್ತಿರ ಹೋಗುತ್ತದೆ. ಕಚೇರಿಯ ಎ4 ಹಾಳೆಗಿಂತ ತುಸು ಕಡಿಮೆ. ಟೈರು ಅಗಲವಾಗುವುದಕ್ಕಿಂತ ಹೆಚ್ಚಾಗಿ ಅದರ ಹೆಜ್ಜೆ ಉದ್ದವಾಗುತ್ತದೆ. ಗಾಡಿ ಮರಳನ್ನು ಅಗೆಯುವ ಬದಲು ಅದರ ಮೇಲೆ ತೇಲುತ್ತದೆ.

ಈ ಉಪಾಯ ಹಳೆಯದು. ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ 1920ರ ದಶಕದ ಕೊನೆಗೇ ಫೋರ್ಡ್ ಕಾರುಗಳ ಗಾಳಿ ಇಳಿಸಿಕೊಂಡು ಈಜಿಪ್ಟಿನ ಮರಳುಗಾಡಿನಲ್ಲಿ ತಿರುಗಾಡಿದ್ದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕನ್ನರು ‘ಡಕ್’ ಎಂಬ ಲಾರಿ ಮಾಡಿದರು. ನೀರಲ್ಲೂ ನೆಲದಲ್ಲೂ ಓಡುತ್ತಿದ್ದ ಗಾಡಿ ಅದು. ಚಾಲಕ ತನ್ನ ಆಸನದಲ್ಲೇ ಕುಳಿತು, ಕಡಲ ದಂಡೆಗೆ ಬಂದಾಗ ಟೈರಿನ ಗಾಳಿ ಇಳಿಸಿ, ರಸ್ತೆಗೆ ಬಂದಾಗ ಮತ್ತೆ ತುಂಬಿಸಿಕೊಳ್ಳಬಹುದಿತ್ತು. ಬೇಕೆಂದಾಗ ಮೆತ್ತಗೆ, ಬೇಕೆಂದಾಗ ಗಟ್ಟಿ. ನಮಗೆ ಆ ಭಾಗ್ಯವಿಲ್ಲ. ಇಳಿಸುವುದಕ್ಕೆ ಐದು ನಿಮಿಷವಾದರೆ ತುಂಬಿಸುವುದಕ್ಕೆ ಅರ್ಧ ಗಂಟೆ. ತಪ್ಪು ನಡೆಯುವುದೇ ಈ ಅರ್ಧ ಗಂಟೆಯನ್ನು ಉಳಿಸಲು ಹೋದಾಗ.

ದುಬೈಯಿಂದ ಹತ್ತಾ ಕಡೆಗೆ ಹೋಗುವ ರಸ್ತೆಯಲ್ಲಿ ಅಲ್ ಬದಾಯರ್ ಎಂಬ ಜಾಗವಿದೆ. ಅಲ್ಲಿನ ದೊಡ್ಡ ದಿಬ್ಬವನ್ನು ಎಲ್ಲರೂ ‘ಬಿಗ್ ರೆಡ್’ ಎನ್ನುತ್ತಾರೆ. ಕಬ್ಬಿಣದ ತುಕ್ಕು ಅಂಟಿದ ಮರಳು, ಸಂಜೆಯ ಬಿಸಿಲಿಗೆ ಥೇಟು ನಮ್ಮ ಮುರಕಲ್ಲಿನ ಬಣ್ಣ. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಸಂಜೆ, ನಾವು ಅಲ್ಲಿಂದ ಹೊರಡುವಾಗ ಕತ್ತಲಾಗುತ್ತಿತ್ತು. ರಸ್ತೆ ಬದಿಯ ಗಾಳಿ ಅಂಗಡಿಯ ಮುಂದೆ ಹತ್ತೆಂಟು ಗಾಡಿಗಳ ಸಾಲು. ನನ್ನಲ್ಲಿ ಆಗ ಪಂಪು ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅಕ್ಕನ ಗಂಡ, ನನ್ನ ಭಾವ, ಊರಿನಿಂದ ಬಂದವರು, ಸುಸ್ತಾಗಿದ್ದರು. “ಇಲ್ಲಿ ಕಾಯುವುದು ಯಾಕೆ ಮಾರಾಯ್ತಿ, ಮನೆ ಹತ್ತಿರ ಬಂಕ್ ಇಲ್ಲವೇ?” ಎಂದರು. ಇದೆ ಎಂದೆ. ಹೊರಟೆವು.

ಭಾವನ ಮೇಲೆ ಹಾಕುವುದು ಸರಿಯಲ್ಲ. ಸ್ಟೀರಿಂಗ್ ಹಿಡಿದಿದ್ದವಳು ನಾನು, 15ಕ್ಕೆ ಇಳಿಸಿದ್ದು ಗೊತ್ತಿದ್ದವಳೂ ನಾನೇ.

ಮೊದಲ ಎರಡು ಕಿಲೋಮೀಟರ್ ಹೆದರುತ್ತ 40ರಲ್ಲಿ ಹೋದೆ. ಹಿಂದಿನವರು ಲೈಟು ಹೊಡೆದರು. 60 ಆಯಿತು. ಏನೂ ಆಗಲಿಲ್ಲ. ಸ್ಟೀರಿಂಗ್ ತಿರುಗಿಸಿದರೆ ಗಾಡಿ ಒಂದು ಕ್ಷಣ ಯೋಚಿಸಿ ಆಮೇಲೆ ತಿರುಗುತ್ತಿತ್ತು, ರೌಂಡ್‌ಅಬೌಟಿನಲ್ಲಿ ಸೊಂಟ ಬಳುಕಿದಂತೆ ಅತ್ತಿತ್ತ ವಾಲುತ್ತಿತ್ತು. ಹಾಗೆ ವಾಲುವಾಗಲೇ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುವುದುಂಟು ಎಂಬುದು ಆಗ ನೆನಪಾಗಲಿಲ್ಲ. ಅಷ್ಟಕ್ಕೆ ಒಗ್ಗಿಕೊಂಡು 90ಕ್ಕೆ ಏರಿಸಿದೆ. ಒಂದು ಗಂಟೆಯಲ್ಲಿ ಮನೆಯ ಹತ್ತಿರದ ಬಂಕ್ ಬಂತು, ಗಾಳಿ ತುಂಬಿಸಿದೆ, ಊಟ ಮಾಡಿ ಮಲಗಿದೆವು. ಆ ಪ್ರಯಾಣದ ಬಗ್ಗೆ ಹೇಳಲು ಇಷ್ಟೇ ಇರುವುದು. ನಿಜವಾದ ಅಪಾಯ ಅಡಗಿರುವುದು ಹೀಗೆ ಏನೂ ಆಗದಿರುವುದರಲ್ಲೇ. ಅಂದೇ ಟೈರು ಒಡೆದಿದ್ದರೆ ಅಂದೇ ಬುದ್ಧಿ ಬರುತ್ತಿತ್ತು.

ಮೂರು ವಾರ ಕಳೆದು ಹಿಂದಿನ ಎಡಚಕ್ರದಲ್ಲಿ ಗಾಳಿ ಇಳಿಯತೊಡಗಿತು. ಮೊಳೆ ಚುಚ್ಚಿರಬೇಕೆಂದು ಪಂಕ್ಚರ್ ಅಂಗಡಿಗೆ ಹೋದೆ. ಪೇಶಾವರದ ಕಡೆಯ ವಯಸ್ಸಾದ ಪಠಾಣರು, ಎಲ್ಲರಿಗೂ ಅವರು ಚಾಚಾ. ನೀರು ಸುರಿದು ನೋಡಿದರು, ಮೊಳೆ ಸಿಗಲಿಲ್ಲ. ಟೈರನ್ನು ರಿಮ್ಮಿನಿಂದ ಬಿಡಿಸಿದರು. ಒಳಗೆ ಕೈಯಾಡಿಸಿ, ಒಂದು ಮಾತನ್ನೂ ಆಡದೆ, ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಟೈರನ್ನು ಅದರ ಮೇಲೆ ಎತ್ತಿ ಕುಟ್ಟಿದರು. ಕಪ್ಪು ಪುಡಿ ಉದುರಿತು. ಕಾಡಿಗೆ ಮಾಡಲು ಒಟ್ಟುಮಾಡಿದ ಮಸಿಯ ಹಾಗೆ, ಒಂದು ಹಿಡಿಯಷ್ಟು. ನಾನು ರಸ್ತೆಯ ಧೂಳು ಎಂದುಕೊಂಡೆ. “ಧೂಳಲ್ಲ ಬಾಜಿ, ಇದು ಟೈರೇ” ಎಂದರು ಹಿಂದಿಯಲ್ಲಿ. ಬಾಜಿ ಎಂದರೆ ಅಕ್ಕ. ಒಳಗೋಡೆಯ ಸುತ್ತ ಬೆರಳಿನಗಲದ ಒಂದು ಪಟ್ಟೆ, ಮಡಚಿ ಮಡಚಿ ಸವೆದ ಚೀಲದ ಮಡಿಕೆಯಂತೆ. ಒಂದು ಕಡೆ ರಬ್ಬರು ಸವೆದು ಒಳಗಿನ ನೂಲು ಕಾಣುತ್ತಿತ್ತು. ಹೊರಗಿನಿಂದ ನೋಡಿದರೆ ಆ ಟೈರು ಹೊಚ್ಚಹೊಸದು.

ತೇಪೆ ಹಾಕಿಕೊಡಿ ಎಂದೆ. ಚಾಚಾ ಒಪ್ಪಲಿಲ್ಲ. ಉಳಿದ ಮೂರನ್ನೂ ಬಿಚ್ಚಿದರು. ಇನ್ನೊಂದರಲ್ಲೂ ಪುಡಿಯಿತ್ತು. ಎರಡು ಹೊಸ ಟೈರು ಕೊಳ್ಳಬೇಕಾಯಿತು. ಆ ಸಂಜೆ ಉಳಿಸಿದ ಅರ್ಧ ಗಂಟೆಯ ಬೆಲೆ ಅದು, ಲೆಕ್ಕಪತ್ರದವಳಾದ ನನಗೆ ಇದನ್ನು ಬರೆದಿಡದೆ ಇರಲಾಗಲಿಲ್ಲ.

ಒಳಗೆ ಆದದ್ದೇನು? ಕಟ್ಟುತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡಿದ್ದೀರಲ್ಲ, ತುಂಡಾಗುವ ಹೊತ್ತಿಗೆ ಬಗ್ಗಿದ ಜಾಗ ಬೆರಳಿಗೆ ಬಿಸಿ ತಗಲುತ್ತದೆ. ಟೈರಿನ ಗೋಡೆಯೂ ಹಾಗೆಯೇ. ನೆಲಕ್ಕೆ ಬಂದಾಗ ಬಾಗುತ್ತದೆ, ಮೇಲೆ ಹೋದಾಗ ನೆಟ್ಟಗಾಗುತ್ತದೆ. ನನ್ನ ಗಾಡಿಯ ಚಕ್ರದ ಸುತ್ತಳತೆ 2.4 ಮೀಟರಿನಷ್ಟು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಹತ್ತು ಸಲ ಸುತ್ತುತ್ತದೆ. ಅಂದರೆ ಗೋಡೆಯ ಪ್ರತಿಯೊಂದು ಜಾಗವೂ ಸೆಕೆಂಡಿಗೆ ಹತ್ತು ಸಲ ಬಾಗಿ ಏಳುತ್ತದೆ. ಗಾಳಿ ತುಂಬಿದ್ದರೆ ಈ ಬಾಗು ಅಲ್ಪ, 15ರಲ್ಲಿ ಅದು ಮಡಿಕೆಯೇ ಸರಿ. ರಬ್ಬರಿಗೆ ಶಾಖವನ್ನು ಬೇಗ ಹೊರಗೆ ಸಾಗಿಸುವ ಗುಣವಿಲ್ಲ. ಹುಟ್ಟಿದ ಬಿಸಿ ಒಳಗೇ ಸೇರುತ್ತ ಹೋಗುತ್ತದೆ, ರಬ್ಬರು ನೂಲಿನಿಂದ, ಉಕ್ಕಿನ ತಂತಿಯ ಪಟ್ಟಿಯಿಂದ ಬಿಟ್ಟುಕೊಳ್ಳುತ್ತದೆ. ಮರಳಿನಲ್ಲಿ ಯಾಕೆ ಹೀಗಾಗುವುದಿಲ್ಲ ಎಂದರೆ, ಅಲ್ಲಿ ಹೆಚ್ಚಿನ ಹೊತ್ತು ನಮ್ಮ ವೇಗವೇ ಕಡಿಮೆ, ಜೊತೆಗೆ ಅಡಿಯ ಮರಳೂ ಸರಿದು ಜಾಗ ಕೊಡುತ್ತದೆ. ಟಾರು ರಸ್ತೆ ಸರಿಯುವುದಿಲ್ಲ. ಜೂನ್ ತಿಂಗಳಲ್ಲಿ ಇಲ್ಲಿನ ರಸ್ತೆಯ ಬಿಸಿಗೆ ಚಪ್ಪಲಿಯ ಅಟ್ಟೆ ಮೆತ್ತಗಾಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಇನ್ನೊಂದನ್ನು ಒಪ್ಪಿಕೊಳ್ಳಬೇಕು. ಆ ದಾರಿಯುದ್ದಕ್ಕೂ ನನ್ನ ಕಣ್ಣೆದುರು ಒಂದು ಹಳದಿ ದೀಪ ಉರಿಯುತ್ತಿತ್ತು. ಲಾಳದಂಥ ಆಕಾರ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಟೈರಿನಲ್ಲಿ ಗಾಳಿ ಕಡಿಮೆಯಿದೆ ಎಂದು ಹೇಳುವ ದೀಪ. ಆದರೆ ಅದು ಬೆಳಗ್ಗೆ ಮರಳಿಗಿಳಿದಾಗಿನಿಂದ ಉರಿಯುತ್ತಲೇ ಇತ್ತು. ಇಡೀ ದಿನ ಉರಿದ ದೀಪ ಸಂಜೆಗೆ ಹೊಸದಾಗಿ ಏನನ್ನು ಹೇಳೀತು?

ಆ ದೀಪಕ್ಕೊಂದು ಕಥೆಯಿದೆ, ಅದರ ಒಂದು ಎಳೆ ಈ ಕೊಲ್ಲಿಯ ಮರಳಿಗೇ ಸುತ್ತಿಕೊಂಡಿದೆ. 2000ನೇ ಇಸವಿಯ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸು ಪಡೆಯಬೇಕಾಯಿತು. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಓಡುವಾಗಲೇ ಟೈರಿನ ಮೇಲ್ಪದರ ಸುಲಿದು ಬಂದು ಗಾಡಿ ಮಗುಚಿ ಬಹಳ ಜನ ಸತ್ತಿದ್ದರು. ಅದಕ್ಕೂ ಒಂದು ವರ್ಷ ಮೊದಲೇ ಸೌದಿ ಅರೇಬಿಯಾ ಮತ್ತು ನೆರೆಯ ದೇಶಗಳಲ್ಲಿ ಇಂಥದ್ದೇ ದೂರು ಬಂದು ಫೋರ್ಡ್ ಟೈರು ಬದಲಿಸಿಕೊಟ್ಟಿತ್ತು. ಆಗ ಟೈರಿನವರು ಕೊಟ್ಟ ಸಮಜಾಯಿಷಿಯೆಂದರೆ, ಅಲ್ಲಿನವರು ಮರಳಿಗೆಂದು ಗಾಳಿ ಇಳಿಸಿ, ಹಾಗೆಯೇ ಹೆದ್ದಾರಿಯಲ್ಲಿ ಓಡಿಸುತ್ತಾರೆ ಎಂಬುದು. ಅಮೆರಿಕದ ಹೆದ್ದಾರಿಗಳಲ್ಲಿ, ಮರಳಿನ ವಾಸನೆಯೂ ಇಲ್ಲದ ಕಡೆಯೂ ಟೈರು ಸುಲಿದಾಗ ಆ ಮಾತು ನಿಲ್ಲಲಿಲ್ಲ, ಆ ಟೈರುಗಳ ರಚನೆಯಲ್ಲೇ ದೋಷವಿತ್ತೆಂದು ಸರ್ಕಾರಿ ತನಿಖೆ ಹೇಳಿತು. ಗಾಳಿ ಕಡಿಮೆಯಾದಷ್ಟೂ, ಬಿಸಿ ಹೆಚ್ಚಿದಷ್ಟೂ ಆ ದೋಷ ಬೇಗ ಹೊರಬೀಳುತ್ತಿತ್ತು. 2000ದಲ್ಲೇ ಬಂದ ಕಾನೂನಿನ ಫಲವಾಗಿ ಈ ಹಳದಿ ದೀಪ 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಅಷ್ಟು ಜನರ ಪ್ರಾಣ ಹೋಗಿ ಬಂದ ದೀಪವನ್ನು ನಾನು ಹಬ್ಬದ ಸರದೀಪದಂತೆ ನೋಡಿಕೊಂಡು ಮನೆಗೆ ಬಂದಿದ್ದೆ.

ಈಗ ನನ್ನ ಗಾಡಿಯಲ್ಲಿ ಪಂಪು ಇದೆ. ಬಾನೆಟ್ ಎತ್ತಿ, ಬ್ಯಾಟರಿಗೆ ಕ್ಲಿಪ್ ಕಚ್ಚಿಸಿ, ಇಂಜಿನ್ ಚಾಲೂ ಇಟ್ಟು ತುಂಬಿಸುತ್ತೇನೆ. ಒಂದು ಚಕ್ರಕ್ಕೆ ಆರೇಳು ನಿಮಿಷ ಬೇಕು. ಎರಡು ಚಕ್ರ ಆಗುವಷ್ಟರಲ್ಲಿ ಪಂಪು ಕೈಯಿಟ್ಟರೆ ಸುಡುವಷ್ಟು ಕಾದಿರುತ್ತದೆ, ಅದಕ್ಕೂ ಸ್ವಲ್ಪ ಬಿಡುವು ಕೊಡಬೇಕು. ಆ ಬಿಡುವಿನಲ್ಲಿ ನಾವು ಫ್ಲಾಸ್ಕಿನ ಚಹಾ ಕುಡಿಯುತ್ತೇವೆ. ಪಂಪು ಕೆಟ್ಟರೆ ಜೊತೆಗೆ ಬಂದವರದ್ದನ್ನು ಕೇಳುತ್ತೇನೆ. ಅದೂ ಇಲ್ಲವೆಂದರೆ, ಹತ್ತಿರದ ಗಾಳಿ ಅಂಗಡಿಯವರೆಗೆ ಮಾತ್ರ, ರಸ್ತೆಯ ಅಂಚಿನಲ್ಲಿ, ಅಪಾಯದ ದೀಪ ಹಾಕಿಕೊಂಡು, 30-40ರಲ್ಲಿ. ಹಿಂದಿನವರು ಎಷ್ಟು ಲೈಟು ಹೊಡೆದರೂ ಅಷ್ಟೇ. ಹಂಪ್ ಬಂದರೆ ಆಮೆಯಂತೆ ದಾಟಿಸುತ್ತೇನೆ. ಗಾಳಿಯಿಲ್ಲದ ಟೈರು ಹಂಪಿಗೂ ರಿಮ್ಮಿಗೂ ನಡುವೆ ಸಿಕ್ಕರೆ ಅಡಕತ್ತರಿಗೆ ಸಿಕ್ಕ ಅಡಿಕೆಯಂತಾಗುತ್ತದೆ.

ಅಳತೆಯಲ್ಲೂ ಒಂದು ಮೋಸವಿದೆ. ದಿನವಿಡೀ ಬಿಸಿಲಲ್ಲಿ ಓಡಿದ ಟೈರಿನೊಳಗಿನ ಗಾಳಿ ಹಿಗ್ಗಿರುತ್ತದೆ. ಹತ್ತು ಡಿಗ್ರಿ ಬಿಸಿಗೆ ಹೆಚ್ಚುಕಡಿಮೆ ಒಂದೂವರೆ ಪಿಎಸ್‌ಐ ಏರುತ್ತದೆ. ಸಂಜೆ ಮುಳ್ಳು 35 ತೋರಿಸಿತೆಂದು ನಂಬಿ ಮಲಗಿದರೆ ಬೆಳಗ್ಗೆ ಲೆಕ್ಕ ಬೇರೆಯೇ ಇರುತ್ತದೆ. ಹಾಗಾಗಿ ಮರುದಿನ ಕಚೇರಿಗೆ ಹೊರಡುವ ಮೊದಲು, ಟೈರು ತಣ್ಣಗಿರುವಾಗ, ಸೀರೆಯ ಸೆರಗು ಸಿಕ್ಕಿಸಿಕೊಂಡು ನಾಲ್ಕು ಚಕ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತೇನೆ. ಕಾವಲುಗಾರನಿಗೆ ಇದು ಏನೋ ಪೂಜೆಯೆಂದೇ ಅನುಮಾನ. ಹೋದ ವಾರ ಮುಂದಿನ ಎರಡು, ಹಿಂದಿನ ಬಲ ಸರಿಯಾಗಿದ್ದವು. ಹಿಂದಿನ ಎಡ 32 ತೋರಿಸಿತು. ಪಂಪು ತೆಗೆದು ಮೂರು ಹಾಕಿದೆ.

ನಮಸ್ಕಾರ.